ಐದು ನ್ಯೂಟನ್ ಮೀಟರಿನ ಬಿಗಿ

ಬೋಲ್ಟಿಗೆ ಎಷ್ಟು ಬಿಗಿ ಬಿತ್ತೆಂದು ಅಳೆದು ಹೇಳುವ ಪಾನಾವೇ ಟಾರ್ಕ್ ರೆಂಚ್. ಹಿಡಿಕೆಯ ಮೇಲೆ ಬೀಳುವ ಬಲವನ್ನು ಹಿಡಿಕೆಯ ಉದ್ದದಿಂದ ಗುಣಿಸಿದರೆ ಸಿಗುವುದು ಟಾರ್ಕ್. ಅದರ ಅಳತೆ ನ್ಯೂಟನ್ ಮೀಟರ್. ಸೈಕಲ್ಲಿನ ಹ್ಯಾಂಡಲನ್ನು ಕಚ್ಚಿ ಹಿಡಿಯುವ ಸ್ಟೆಮ್ಮಿನ ಪುಟ್ಟ ಬೋಲ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಸಾಕು. ಹತ್ತು ಸೆಂಟಿಮೀಟರ್ ಉದ್ದದ ಅಲೆನ್ ಕೀಯ ತುದಿಗೆ ಐದು ಕಿಲೋ ಭಾರ ಬಿದ್ದರೆ ಅಷ್ಟು ಬಿಗಿಯಾಯಿತು. ಅದೇ ಕೀಗೆ ಪೈಪು ಸಿಕ್ಕಿಸಿ ಇಪ್ಪತ್ತು ಸೆಂಟಿಮೀಟರ್ ಮಾಡಿದರೆ ಎರಡೂವರೆ ಕಿಲೋ ಸಾಕು. ಇಷ್ಟು ಅಲ್ಪ ಬಲವನ್ನು ಅಳೆಯುವುದು ನುರಿತ ಕೈಗೂ ಕಷ್ಟ. ಸ್ವಲ್ಪ ಹೆಚ್ಚಾದರೆ ಅಲ್ಯೂಮಿನಿಯಮ್ಮಿನ ಮರೆ (ಥ್ರೆಡ್) ಕಿತ್ತು ಬೋಲ್ಟಿನ ಜೊತೆಗೇ ಹೊರಬರುತ್ತದೆ.

ಎಲ್ಲ ಸೈಕಲ್ಲಿಗೂ ಈ ಪಾನಾ ಬೇಕಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತ ಕರಿ ಸೈಕಲ್ಲಿನದು ಉಕ್ಕಿನ ಮೈ. ಅದರ ಕ್ರ್ಯಾಂಕು ನಿಲ್ಲುವುದು ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಕಾಟರ್ ಪಿನ್ನಿನ ಮೇಲೆ. ಚಕ್ರದ ನಟ್ಟಿಗೆ ರಿಂಗ್ ಪಾನಾ ಸಾಕು. ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲೂ ಗೇರಿಲ್ಲದ, ಸರಳ ಜಾತಿಯದೇ. ಟಾರ್ಕ್ ರೆಂಚಿನ ಅಗತ್ಯ ಶುರುವಾಗುವುದು ಗೇರು, ಡಿಸ್ಕ್ ಬ್ರೇಕು, ಅಲ್ಯೂಮಿನಿಯಮ್ ಫ್ರೇಮಿನ ಸೈಕಲ್ ಮನೆಗೆ ಬಂದಾಗ. ಕಾರ್ಬನ್ ಭಾಗಗಳಿದ್ದರಂತೂ ಅದಿಲ್ಲದೆ ಬೋಲ್ಟು ಮುಟ್ಟಬಾರದು.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಅಳತೆಯ ವ್ಯಾಪ್ತಿ. ಸೈಕಲ್ಲಿನ ಬೋಲ್ಟುಗಳು ಎರಡು ಗುಂಪು. ಸ್ಟೆಮ್ಮು, ಸೀಟಿನ ಕ್ಲಾಂಪು, ಬ್ರೇಕು, ಗೇರಿನ ಕೇಬಲ್ಲು ಹಿಡಿಯುವ ಬೋಲ್ಟು, ಇವೆಲ್ಲ ಹೆಚ್ಚುಕಡಿಮೆ 4ರಿಂದ 8 ನ್ಯೂಟನ್ ಮೀಟರಿನೊಳಗೆ. ಶಿಮಾನೋ ಹಾಲೋಟೆಕ್ 2 ಕ್ರ್ಯಾಂಕಿನ ಬೋಲ್ಟು 12ರಿಂದ 14, ಅದೂ ಇದೇ ಗುಂಪು. ಪೆಡಲ್, ಬಾಟಮ್ ಬ್ರಾಕೆಟ್, ಕ್ಯಾಸೆಟ್ಟಿನ ಲಾಕ್‌ರಿಂಗ್ 35ರಿಂದ ಮೇಲೆ. ಎರಡನ್ನೂ ಚೆನ್ನಾಗಿ ಅಳೆಯುವ ಒಂದೇ ಪಾನಾ ಸಿಗುವುದು ಅಪರೂಪ. ಪಾರ್ಕ್ ಟೂಲ್ ಕಂಪನಿ ಕೂಡ 2ರಿಂದ 14ಕ್ಕೆ ಒಂದು, 10ರಿಂದ 60ಕ್ಕೆ ಇನ್ನೊಂದು ಎಂದು ಬೇರೆಬೇರೆ ಮಾಡಿದೆ. ಒಂದನ್ನೇ ಕೊಳ್ಳುವವರಿಗೆ ಚಿಕ್ಕದೇ ಸರಿ. 40 ನ್ಯೂಟನ್ ಮೀಟರಿನ ಬಿಗಿಯನ್ನು ಉದ್ದನೆಯ ಪಾನಾ, ಅನುಭವದ ಕೈ ಹೇಗೋ ತಲುಪುತ್ತವೆ. ಮರೆ ಕೀಳುವುದು, ಕ್ಲಾಂಪು ಸೀಳುವುದು ಚಿಕ್ಕ ಬೋಲ್ಟುಗಳಲ್ಲೇ. ಕಾರಿನ ಚಕ್ರಕ್ಕೆ ಬಳಸುವ ಅರ್ಧ ಇಂಚಿನ ಟಾರ್ಕ್ ರೆಂಚ್ ಇಲ್ಲಿ ಉಪಯೋಗಕ್ಕೆ ಬಾರದು.

ಬಗೆಗಳಲ್ಲಿ ಮುಳ್ಳಿನದು ಅತಿ ಸರಳ: ಕಂಬಿ ಬಾಗಿದಷ್ಟು ಮುಳ್ಳು ಅಂಕಿ ತೋರಿಸುತ್ತದೆ. ಕೆಳಗೆ ಬಿದ್ದು ಮುಳ್ಳು ಓರೆಯಾದರೆ ಬೆರಳಲ್ಲಿ ಬಗ್ಗಿಸಿ ಸೊನ್ನೆಗೆ ತಂದರಾಯಿತು. ಸಲಕರಣೆ ತಪಾಸಣೆಯ ಕೇಂದ್ರಗಳಿಲ್ಲದ ಊರುಗಳಿಗೆ ಇದಕ್ಕಿಂತ ನಂಬಿಕಸ್ತ ಪಾನಾ ಇಲ್ಲ. ಆದರೆ ಅಂಕಿ ಓದಲು ನೇರ ಮೇಲಿಂದಲೇ ನೋಡಬೇಕು. ಸೀಟಿನ ಅಡಿಯಲ್ಲಿ ಅದು ಕಷ್ಟ. ಟಕ್ ಎನ್ನುವ ಬಗೆಯಲ್ಲಿ ಹಿಡಿಕೆ ತಿರುಗಿಸಿ ಅಳತೆ ಇಟ್ಟರೆ, ಅಷ್ಟಾದಾಗ ಒಳಗಿನ ಸ್ಪ್ರಿಂಗು ಬಿಟ್ಟುಕೊಟ್ಟು ಅಂಗೈಗೆ ಸಣ್ಣ ಪೆಟ್ಟು ತಾಗುತ್ತದೆ. ಚಿಕ್ಕ ಅಳತೆಯಲ್ಲಿ ಸದ್ದು ಕಿವಿಗೆ ಬೀಳದೆಯೂ ಹೋಗಬಹುದು, ಗಮನ ಕೈಯಲ್ಲಿರಬೇಕು. ಡಿಜಿಟಲ್ ಪಾನಾಕ್ಕೆ ಸೆಲ್ಲಿನ ಖರ್ಚು. ಮನೆ ಕೆಲಸಕ್ಕೆ ಅದು ಅತಿಯಾಯಿತು. ಎಡ ಪೆಡಲ್ಲಿನ ಮರೆ ಉಲ್ಟಾ, ಬಿಗಿಯುವುದು ಎಡಕ್ಕೆ. ಆದರೆ ಟಕ್ ಎನ್ನುವ ಎಷ್ಟೋ ಪಾನಾಗಳು ಬಲಕ್ಕೆ ಮಾತ್ರ ಅಳೆಯುತ್ತವೆ.

ಸ್ಟೆಮ್ಮಿನ ನಾಲ್ಕು ಬೋಲ್ಟುಗಳನ್ನು ಒಂದರ ನಂತರ ಒಂದು ಪೂರ್ತಿ ಬಿಗಿಯಬಾರದು. ಎದುರುಬದುರು ಮೂಲೆಗಳಲ್ಲಿ ಮೊದಲು 2, ಆಮೇಲೆ 4, ಕೊನೆಗೆ 5ಕ್ಕೆ ತಂದು, ಮೇಲಿನ ಸಂದು ಕೆಳಗಿನ ಸಂದು ಸಮ ಇದೆಯೇ ಎಂದು ಕಣ್ಣಲ್ಲೇ ನೋಡಬೇಕು. ಜಗಳೂರಿನ ಬಯಲಿನ ಧೂಳು ಮರೆಯಲ್ಲಿ ಕೂತಿದ್ದರೆ ಬಲವೆಲ್ಲ ಉಜ್ಜುವುದರಲ್ಲೇ ಕಳೆದು, ಬೋಲ್ಟು ಹಿಡಿಯುವ ಮೊದಲೇ ಪಾನಾ ಟಕ್ ಎನ್ನುತ್ತದೆ. ಚನ್ನಗಿರಿ, ನ್ಯಾಮತಿ ಕಡೆಯ ಮಳೆಗಾಲದಲ್ಲಿ ತುಕ್ಕು ಇದೇ ಕೆಲಸ ಮಾಡುತ್ತದೆ. ಒರೆಸಿ, ಕೈಪಿಡಿ ಹೇಳಿದ ಕಡೆ ಮಾತ್ರ ಗ್ರೀಸ್ ಹಚ್ಚಿ ಬಿಗಿಯಬೇಕು. ಒಣ ಮರೆಗೆ ಹೇಳಿದ ಅಳತೆಯನ್ನು ಗ್ರೀಸಿನ ಮರೆಗೆ ಕೊಟ್ಟರೆ ಬೋಲ್ಟು ಅತಿಯಾಗಿ ಎಳೆಯಲ್ಪಡುತ್ತದೆ.

ಐಎಸ್‌ಒ 6789 ಮಾನದಂಡ ಟಕ್ ಎನ್ನುವ ಪಾನಾಗಳಿಗೆ 10 ನ್ಯೂಟನ್ ಮೀಟರಿನವರೆಗೆ ಶೇ. 6, ಅದರ ಮೇಲೆ ಶೇ. 4ರಷ್ಟು ವ್ಯತ್ಯಾಸ ಒಪ್ಪುತ್ತದೆ. ಕೆಲಸ ಮುಗಿದ ಮೇಲೆ ಅಳತೆಯನ್ನು ಅತಿ ಕೆಳಗಿನ ಅಂಕಿಗೆ ಇಳಿಸಿಡದಿದ್ದರೆ ಸ್ಪ್ರಿಂಗು ಸೊರಗಿ ಈ ವ್ಯತ್ಯಾಸ ಬೆಳೆಯುತ್ತದೆ. ಪರೀಕ್ಷೆಗೆ ಮನೆಯಲ್ಲೇ ದಾರಿಯುಂಟು. ಪಾನಾದ ತಲೆಗೆ ಸಿಕ್ಕಿಸಿದ ಅಲೆನ್ ಬಿಟ್ಟನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿಕೆ ನೆಲಕ್ಕೆ ಸಮವಾಗಿರುವಂತೆ ಮಾಡಿ, ತಲೆಯ ಮಧ್ಯದಿಂದ 20 ಸೆಂಟಿಮೀಟರ್ ದೂರದಲ್ಲಿ, ಹಿಡಿಕೆಯ ನಡುವೆ, ಅಡಿಕೆ ತೂಗುವ ಐದು ಕಿಲೋ ಬಟ್ಟನ್ನು ಹಗ್ಗದಲ್ಲಿ ನೇತುಹಾಕಬೇಕು. ಆ ಭಾರದಿಂದ ಬೀಳುವ ಟಾರ್ಕ್ 9.8 ನ್ಯೂಟನ್ ಮೀಟರ್. ಪಾನಾದ ಸ್ವಂತ ತೂಕದಿಂದ ಸ್ವಲ್ಪ ಕೂಡುತ್ತದೆ. ಅಳತೆ 9ರಲ್ಲಿದ್ದಾಗ ಅದು ಟಕ್ ಎನ್ನಬೇಕು, 11ರಲ್ಲಿದ್ದಾಗ ಸುಮ್ಮನಿರಬೇಕು.