ಶಿರಸ್ತ್ರಾಣದ ಸಾಕ್ಷ್ಯ: ಅದರ ಬಲ ಮತ್ತು ಮಿತಿ

1842ರಲ್ಲಿ ಪ್ರಷ್ಯದ ದೊರೆ ನಾಲ್ಕನೆಯ ಫ್ರೀಡ್ರಿಕ್ ವಿಲ್‌ಹೆಲ್ಮನು ತನ್ನ ಪದಾತಿಗಳಿಗೆ ವಿಧಿಸಿದ ಮೊನೆಯುಳ್ಳ ಚರ್ಮದ ಶಿರಸ್ತ್ರಾಣವು ಕ್ರಮೇಣ ಜರ್ಮನ್ ಸೈನ್ಯಗಳ ಗುರುತೇ ಆಯಿತು. ಅಂಥದೊಂದನ್ನು ಮುಂದಿಟ್ಟು, ಇದು ಇಂಥ ರೆಜಿಮೆಂಟಿನ ಕ್ಯಾಪ್ಟನನದು ಎಂದು ಸಂಗ್ರಾಹಕರು ನಿಶ್ಚಯಿಸಿ ಹೇಳುವುದುಂಟು. ಈ ನಿಶ್ಚಯಕ್ಕೆ ವಸ್ತುವಿನಲ್ಲಿಯೇ ಆಧಾರವಿದೆಯೇ ಎಂಬುದು ಪ್ರಕೃತ ವಿಚಾರ.

ವಸ್ತುವು ನಿಸ್ಸಂದೇಹವಾಗಿ ಹೇಳುವ ಸಂಗತಿಗಳುಂಟು. ಮುಂಭಾಗದ ಫಲಕವು ರಾಜ್ಯವನ್ನು ಸೂಚಿಸುತ್ತದೆ: ಹದ್ದು ಪ್ರಷ್ಯದ್ದು, ಗ್ರಿಫಿನ್ ಎಂಬ ಕಾಲ್ಪನಿಕ ಮೃಗ ಬಾಡೆನ್ನಿನದು, ಮಾಲೆಯ ನಡುವಣ ಸಿಂಹ ಹೆಸ್ಸೆಯದು. ಮೊನೆಯ ಬದಲು ಗುಂಡು ಇದ್ದರೆ ಪ್ರಷ್ಯದ ಫಿರಂಗಿ ದಳವೆಂದು ತಿಳಿಯಬೇಕು. ಹದ್ದಿನ ಎದೆಯ ಮೇಲಣ ನಕ್ಷತ್ರ ಗಾರ್ಡ್ ಪಡೆಯನ್ನೂ, ಶಿಲುಬೆ ಮೀಸಲು ಪಡೆಯ ಅಧಿಕಾರಿಯನ್ನೂ ಸೂಚಿಸುತ್ತವೆ. ಬಲಗಡೆ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪು ಬಣ್ಣದ ಬಿಲ್ಲೆಯನ್ನು ಧರಿಸುವ ಪದ್ಧತಿ ಬಂದುದು 1897ರಲ್ಲಿ. ಆದುದರಿಂದ ಅದು ಕಾಲನಿರ್ಣಯಕ್ಕೂ ಒದಗುತ್ತದೆ. ಮೊನೆಯ ಪೀಠವನ್ನು ಹಿಡಿದಿಡುವ ನಕ್ಷತ್ರಾಕಾರದ ಮೊಳೆಗಳು ಅಧಿಕಾರಿಯ ಗುರುತು.

ಆದರೆ ಅಧಿಕಾರಿ ಎಂಬುದೊಂದು ವರ್ಗ, ಪದವಿಯಲ್ಲ. ಲೆಫ್ಟಿನೆಂಟನಿಗೂ ಮೇಜರನಿಗೂ ಇದ್ದ ಭೇದವನ್ನು ತೋರಿಸುತ್ತಿದ್ದುದು ಭುಜಪಟ್ಟಿ, ಶಿರಸ್ತ್ರಾಣವಲ್ಲ. ರೆಜಿಮೆಂಟಿನ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಸಂಖ್ಯೆಯಿದ್ದುದು ರಣರಂಗದಲ್ಲಿ ಮೇಲೆ ಹೊದಿಸುತ್ತಿದ್ದ ಬಟ್ಟೆಯ ಮುಸುಕಿನ ಮೇಲೆ. ಸಾಮಾನ್ಯ ಭಟನ ಶಿರಸ್ತ್ರಾಣದ ಒಳಗೆ ದಳದ ಮುದ್ರೆ ಬೀಳುತ್ತಿತ್ತು. ಅಧಿಕಾರಿಯಾದರೋ ಸ್ವಂತ ಹಣದಿಂದ ಕೊಳ್ಳುತ್ತಿದ್ದುದರಿಂದ ಅವನದರಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಬೆಲೆಯುಳ್ಳ ವಸ್ತುವೇ ಹೆಚ್ಚು ಮೂಕವಾಗಿರುವುದು ಇಲ್ಲಿಯ ವೈಚಿತ್ರ್ಯ. ಹಿಂದಿನ ಹ್ಯಾನೋವರ್ ಸೈನ್ಯದ ಪರಂಪರೆಯನ್ನು 1899ರಲ್ಲಿ ಪಡೆದ ರೆಜಿಮೆಂಟುಗಳಲ್ಲಿ ಕೆಲವು ಧರಿಸಿದ 'ವಾಟರ್ಲೂ' ಪಟ್ಟಿಯಂಥವು ಶೋಧನೆಯನ್ನು ಕೆಲವೇ ದಳಗಳಿಗೆ ಇಳಿಸುತ್ತವೆ. ಆದರೆ ಇವು ಅಪವಾದಗಳು.

ಇನ್ನೊಂದು ಎಚ್ಚರವೂ ಅಗತ್ಯ. ಫಲಕ, ಮೊನೆ, ಬಿಲ್ಲೆ ಎಲ್ಲವೂ ಬಿಚ್ಚಿ ಜೋಡಿಸಬಹುದಾದವು. ಒಂದರ ಫಲಕ ಇನ್ನೊಂದರ ಮೇಲೆ ಕುಳಿತಿರಬಹುದು. ಚರ್ಮದಲ್ಲಿ ಅನವಶ್ಯಕವಾದ ರಂಧ್ರಗಳಿದ್ದರೆ ಸಂಶಯಪಡುವುದು ನ್ಯಾಯ.

ಇದು ಕೇವಲ ಸಂಗ್ರಾಹಕರ ತೊಡಕಲ್ಲ. 1945ರ ಏಪ್ರಿಲಿನಲ್ಲಿ ಪಾಟ್ಸ್‌ಡಾಮಿನ ಸೈನಿಕ ದಫ್ತರಖಾನೆಯು ವೈಮಾನಿಕ ದಾಳಿಗೆ ಸಿಕ್ಕಿ, ಪ್ರಷ್ಯದ ಸೈನ್ಯದ ಕಾಗದಪತ್ರಗಳಲ್ಲಿ ಬಹುಭಾಗ ನಾಶವಾಯಿತು. ತಪ್ಪು ಹೆಸರುಪಟ್ಟಿಯನ್ನು ತಿದ್ದಬಲ್ಲ ದಾಖಲೆಯೇ ಅನೇಕ ವೇಳೆ ಉಳಿದಿಲ್ಲ. ದಾಖಲೆಯಿಲ್ಲದೆಡೆ ವಸ್ತುವಿನ ಮಾತಿಗೆ ತೂಕ ಹೆಚ್ಚು. ಅಂತೆಯೇ ಅದು ಆಡದ ಮಾತನ್ನು ಅದರ ಬಾಯಲ್ಲಿ ಇಡುವ ದೋಷವೂ ಹೆಚ್ಚು. 'ಪ್ರಷ್ಯದ ಪದಾತಿ ಅಧಿಕಾರಿಯದು, 1897ರ ಅನಂತರದ್ದು' ಎಂದಷ್ಟೇ ಬರೆದು ನಿಲ್ಲುವುದು ಅಜ್ಞಾನವಲ್ಲ, ಚರಿತ್ರಕಾರನ ಧರ್ಮ.