ಮುಖವಿಲ್ಲದ ಮುನ್ಷಿ

ನಾನು ಚಿಕ್ಕವನಿದ್ದಾಗ ಅಮ್ಮಿ ಮನೆಯಲ್ಲಿ ಬೀಡಿ ಸುತ್ತುತ್ತಿದ್ದರು. ವಾರಕ್ಕೊಮ್ಮೆ ಕಂತ್ರಾಟುದಾರನ ಜಗಲಿಯಲ್ಲಿ ಮುನ್ಷಿ ಕಟ್ಟುಗಳನ್ನು ಬಿಚ್ಚಿ ನೋಡಿ, ಒಂದಷ್ಟು ಬೀಡಿಗಳನ್ನು ಸರಿಯಿಲ್ಲವೆಂದು ಬದಿಗೆ ಸರಿಸುತ್ತಿದ್ದ. ಅವಕ್ಕೆ ಕೂಲಿಯಿಲ್ಲ. "ದೇವರಿಗಾದರೂ ಹೆದರಿ ಮುನ್ಷಿ ಸಾಬ್" ಎಂದು ಅಮ್ಮಿ ಜಗಳಕ್ಕೆ ನಿಲ್ಲುತ್ತಿದ್ದರು. ಹತ್ತರಲ್ಲಿ ಎರಡು ಸಲವಾದರೂ ಅವನು ತಲೆ ತಗ್ಗಿಸಿ ಒಂದು ಹಿಡಿ ಬೀಡಿಯನ್ನು ಮರಳಿ ಲೆಕ್ಕಕ್ಕೆ ಸೇರಿಸುತ್ತಿದ್ದ. ಅವನೇನೂ ನ್ಯಾಯವಂತನಲ್ಲ. ಆದರೆ ತಗ್ಗಿಸಲು ಅವನಿಗೊಂದು ತಲೆಯಿತ್ತು.

ನಂದಿತಾ ದಾಸ್ ನಿರ್ದೇಶನದ, 2023ರಲ್ಲಿ ತೆರೆಕಂಡ ಹಿಂದಿ ಚಿತ್ರ 'ಜ್ವಿಗಾಟೊ' ನೋಡುವಾಗ ಆ ಮುನ್ಷಿ ನೆನಪಾದ. ಕಾರ್ಖಾನೆಯ ಕೆಲಸ ಕಳೆದುಕೊಂಡ ಮಾನಸ್ (ಕಪಿಲ್ ಶರ್ಮ) ಭುವನೇಶ್ವರದಲ್ಲಿ ಬೈಕಿನ ಮೇಲೆ ಮನೆಮನೆಗೆ ಊಟ ತಲುಪಿಸುತ್ತಾನೆ. ಅವನ ಮೇಲಧಿಕಾರಿ ಮೊಬೈಲಿನೊಳಗಿದ್ದಾನೆ. ಯಾರಿಗೆ ಯಾವ ಆರ್ಡರು, ಯಾರನ್ನು ಕೆಲಸದಿಂದ ದೂರವಿಡಬೇಕು ಎಂದು ಹಿಂದೆ ಮ್ಯಾನೇಜರು ನಿರ್ಧರಿಸುತ್ತಿದ್ದುದನ್ನು ಇಂಥ ಕಂಪನಿಗಳಲ್ಲಿ ಈಗ ಬಹುಮಟ್ಟಿಗೆ ತಂತ್ರಾಂಶ ನಿರ್ಧರಿಸುತ್ತದೆ. ಗಿರಾಕಿ ಕೊಡುವ ನಕ್ಷತ್ರಗಳೇ ಅದರ ಕಣ್ಣು.

ಖಳನಿಲ್ಲದ ಕಥೆ ಹೇಳುವುದು ಎಷ್ಟು ಕಷ್ಟವೆಂದು ಕಥೆಗಾರನಾಗಿ ನಾನು ಬಲ್ಲೆ. ನಂದಿತಾ ಅದನ್ನು ಅಬ್ಬರವಿಲ್ಲದೆ ಸಾಧಿಸಿದ್ದಾರೆ. ಮಾನಸ್ ಮತ್ತು ಪ್ರತಿಮಾ (ಶಹಾನಾ ಗೋಸ್ವಾಮಿ) ಸಂಸಾರದ ದೃಶ್ಯಗಳು ನಮ್ಮ ಪಕ್ಕದ ಮನೆಯವೇ ಎನಿಸುತ್ತವೆ. ನನ್ನ ತಕರಾರು ಬೇರೆ. ಆ ಯಂತ್ರದ ಲೆಕ್ಕ ಯಾವುದು, ಅದನ್ನು ಕಲಿಸಿದವರು ಯಾರು ಎಂಬ ಪ್ರಶ್ನೆಯ ಹೊಸ್ತಿಲಲ್ಲೇ ಚಿತ್ರ ನಿಂತುಬಿಡುತ್ತದೆ. ನಾವು ಮಾನಸ್‌ಗಾಗಿ ಮರುಗಿ ಎದ್ದು ಬರುತ್ತೇವೆ, ಅಷ್ಟೆ.

ಈ ಪ್ರಶ್ನೆ ಸಣ್ಣದಲ್ಲ. ಅರ್ಜಿಗಳನ್ನು ಜರಡಿ ಹಿಡಿಯಲು ಅಮೆಜಾನ್ ಕಂಪನಿ ತಯಾರಿಸಿದ್ದ ಕೃತಕ ಬುದ್ಧಿಮತ್ತೆಯೊಂದರ ಕಥೆ 2018ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಹತ್ತು ವರ್ಷಗಳ ಹಳೆಯ ಅರ್ಜಿಗಳಿಂದ ಅದು ಪಾಠ ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಹೆಂಗಸರ ಅರ್ಜಿಗಳಿಗೆ ಅದು ಕಡಿಮೆ ಅಂಕ ಕೊಡತೊಡಗಿತು. ಕಂಪನಿ ಅದನ್ನು ಕೈಬಿಟ್ಟಿತು. ನಮ್ಮ ಹಳೆಯ ಪೂರ್ವಗ್ರಹವೇ ಗಣಿತದ ವೇಷದಲ್ಲಿ ಮರಳಿ ಬಂದಿತ್ತು. ಹೆಸರು, ಮೊಹಲ್ಲಾ ಕೇಳಿದೊಡನೆ ಬಾಡಿಗೆ ಮನೆ ಇಲ್ಲವೆನ್ನಿಸಿಕೊಂಡ ನಮ್ಮಂಥವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಕಳೆದ ರಂಜಾನಿನಲ್ಲಿ ನಮ್ಮ ಬೀದಿಯ ಹುಡುಗನೊಬ್ಬನ ಐಡಿ ಬಂದ್ ಆಯಿತು. ಮೊಬೈಲಿನಲ್ಲಿ ಎಷ್ಟು ಸಲ ಕೇಳಿದರೂ 'ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ' ಎಂಬ ಒಂದೇ ಉತ್ತರ. "ಭಾಯ್‌ಜಾನ್, ನೀವು ಬರೆಯುವವರು, ಒಂದು ಅರ್ಜಿ ಬರೆದುಕೊಡಿ" ಎಂದ. ಯಾರ ಹೆಸರಿಗೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಕರ್ನಾಟಕದಲ್ಲಿ 2025ರಲ್ಲಿ ಬಂದಿರುವ ಗಿಗ್ ಕಾರ್ಮಿಕರ ಕಾಯ್ದೆ, ಕೆಲಸದಿಂದ ತೆಗೆಯುವಾಗ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, 14 ದಿನ ಮೊದಲೇ ತಿಳಿಸಬೇಕು ಎನ್ನುತ್ತದೆ. ಈ ಮಾತು ಕಾಗದದಿಂದ ಬೀದಿಗಿಳಿದರೆ, ಮುಂದಿನ ಸಲವಾದರೂ ಅರ್ಜಿಯ ಮೇಲೆ ಬರೆಯಲು ನಮಗೊಂದು ಹೆಸರು ಸಿಕ್ಕೀತು.