ಕೇಸ್ ಶೀಟಿನ ಪಾಠ: ವಿದ್ಯುನ್ಮಾನ ವೈದ್ಯಕೀಯ ದಾಖಲೆಗಳ ಒಂದು ವಿಮರ್ಶೆ

ಹಸ್ತಪ್ರತಿಗಳನ್ನು ಓದಿ ಪಳಗಿದವರಿಗೆ ಆಸ್ಪತ್ರೆಯ ಕೇಸ್ ಶೀಟು ಒಂದು ಗ್ರಂಥವೆಂದು ತೋರದಿರಬಹುದು. ಆದರೆ ಅದಕ್ಕೂ ಕರ್ತೃವಿದ್ದಾನೆ, ಲಿಪಿಕಾರನಿದ್ದಾನೆ, ಓದುಗನಿದ್ದಾನೆ. ಪ್ರತಿಯಿಂದ ಪ್ರತಿಗೆ ಸಾಗುವಾಗ ಅದೂ ಕೆಡುತ್ತದೆ. ಕಾವ್ಯದ ಪಾಠ ಕೆಟ್ಟರೆ ರಸಭಂಗವಾದೀತು. ಇಲ್ಲಿ ಪಾಠ ಕೆಟ್ಟರೆ ಔಷಧವೇ ತಪ್ಪಬಹುದು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ದಾಖಲೆಗಳೂ ಅವುಗಳಿಗೆ ಅಂಟಿಕೊಂಡ ಬಿಲ್ಲಿನ ಲೆಕ್ಕಗಳೂ ಕಾಗದದಿಂದ ಗಣಕಯಂತ್ರಕ್ಕೆ ಸಾಗಿದ ಬಗೆಯನ್ನು ಗ್ರಂಥಸಂಪಾದಕನ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಒಬ್ಬ ರೋಗಿಗೆ ಒಂದು ಕಡತ ಎಂಬ ಏರ್ಪಾಡು ನಮಗೆ ಸಹಜವೆನಿಸುತ್ತದೆ; ಆದರೆ ಅದು ತಾನಾಗಿ ಬಂದುದಲ್ಲ. ಮಿನಸೋಟಾ ರಾಜ್ಯದ ಮೇಯೋ ಕ್ಲಿನಿಕ್ಕಿನಲ್ಲಿ ಮೊದಲು ವೈದ್ಯರು ತಮ್ಮ ತಮ್ಮ ಲೆಡ್ಜರುಗಳಲ್ಲಿ ಬರೆದಿಡುತ್ತಿದ್ದರು. ಒಬ್ಬನೇ ರೋಗಿಯ ವೃತ್ತಾಂತ ಹಲವು ಪುಸ್ತಕಗಳಲ್ಲಿ ಚದರಿಹೋಗುತ್ತಿತ್ತು. 1907ರಲ್ಲಿ ಹೆನ್ರಿ ಪ್ಲಮ್ಮರ್ ಪ್ರತಿ ರೋಗಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಎಲ್ಲ ಹಾಳೆಗಳನ್ನೂ ಆ ಸಂಖ್ಯೆಯ ಕಡತದಲ್ಲಿ ಸೇರಿಸಿದನು. 1968ರಲ್ಲಿ ಲಾರೆನ್ಸ್ ವೀಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದಾಖಲೆಯು ವೈದ್ಯನ ವಿಚಾರಸರಣಿಯನ್ನೇ ತೋರಬೇಕೆಂದು ವಾದಿಸಿದನು: ರೋಗಿ ಹೇಳಿದ್ದು, ವೈದ್ಯ ಕಂಡದ್ದು, ಅದರಿಂದ ಊಹಿಸಿದ್ದು, ಮುಂದೆ ಮಾಡತಕ್ಕದ್ದು. ಈ ಯೋಜನೆಯಲ್ಲಿ ಕೇಸ್ ಶೀಟು ಒಂದು ವಾದಗ್ರಂಥವಾಗುತ್ತದೆ.

ಈ ಗ್ರಂಥವನ್ನು ಓದುವವರು ಯಾರು? 1967ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಹೆರಾಲ್ಡ್ ಗಾರ್ಫಿಂಕೆಲ್ ಈ ಪ್ರಶ್ನೆಗೆ ನೀಡಿದ ಉತ್ತರ ಇಂದಿಗೂ ಮನನೀಯವಾದುದು. ಮಾನಸಿಕ ಚಿಕಿತ್ಸಾಲಯವೊಂದರ ಕಡತಗಳಿಂದ ಅಂಕಿಅಂಶಗಳನ್ನು ತೆಗೆಯಹೊರಟ ಆತನಿಗೆ ಎಲ್ಲೆಲ್ಲೂ ಲೋಪಗಳೇ ಕಂಡುವು. ಆದರೆ ಆತನು ಬರೆದವರನ್ನು ದೂರಲಿಲ್ಲ. ಬರೆದವನೂ ಓದುವವನೂ ಒಂದೇ ಕೆಲಸದಲ್ಲಿ ಪಾಲುಗಾರರಾಗಿರುವಾಗ ಅನೇಕ ಸಂಗತಿಗಳನ್ನು ಬರೆಯಬೇಕಾದ ಅಗತ್ಯವೇ ಇರುವುದಿಲ್ಲ. ಎಣಿಸಬಂದ ಹೊರಗಿನವನಿಗೆ ಮಾತ್ರ ಅದು ಲೋಪವಾಗಿ ತೋರುತ್ತದೆ ಎಂದನು. ಕಾಗದದ ಕಡತವು ಒಳಗಿನವನಿಗಾಗಿ ಬರೆದುದು. ವಿದ್ಯುನ್ಮಾನ ಕಡತವಾದರೋ ಎಣಿಸುವವನನ್ನು ಎದುರಿಗಿಟ್ಟುಕೊಂಡು ರೂಪುಗೊಂಡಿತು. ನನ್ನ ಮಟ್ಟಿಗೆ ಎಲ್ಲ ತೊಡಕಿನ ಬೇರೂ ಇಲ್ಲಿದೆ.

2009ರ ಕಾಯಿದೆಯೊಂದು ಈ ಬದಲಾವಣೆಗೆ ಸರಕಾರದ ಹಣವನ್ನು ಒದಗಿಸಿತು. ಮುಂದಿನ ಹತ್ತು ವರ್ಷಗಳೊಳಗೆ ಅಲ್ಲಿನ ಬಹುತೇಕ ಆಸ್ಪತ್ರೆಗಳು ಕಾಗದವನ್ನು ಬಿಟ್ಟುವು. ಹಳೆಯ ಹಾಳೆಗಳನ್ನು ಸ್ಕ್ಯಾನ್ ಮಾಡಿ, ರೋಗಿಯ ಸಂಖ್ಯೆ, ದಿನಾಂಕ, ಹಾಳೆಯ ಜಾತಿ ಇಷ್ಟನ್ನು ಸೂಚಿಯಲ್ಲಿ ನಮೂದಿಸಿ ಇಡುತ್ತಾರೆ. ಸೂಚಿ ತಪ್ಪಿದರೆ ಗರಿಯೊಂದು ಬೇರೆಯ ಓಲೆಕಟ್ಟಿನಲ್ಲಿ ಸೇರಿಹೋದಂತೆಯೇ ಸರಿ. ಆದರೂ ಸ್ಕ್ಯಾನು ಪ್ರಾಮಾಣಿಕವಾದ ಪ್ರತಿ: ಕೈಬರಹ ಉಳಿಯುತ್ತದೆ, ಹೊಡೆದುಹಾಕಿದ ಪದ ಕಾಣುತ್ತದೆ, ಅಂಚಿನಲ್ಲಿ ದಾದಿ ಗೀಚಿದ ಎಚ್ಚರಿಕೆಯೂ ಕಾಣುತ್ತದೆ. ಬಿಲ್ಲಿನ ಕಾಗದಗಳಿಗಂತೂ ಈ ಸ್ಥಳಾಂತರದಿಂದ ನಷ್ಟವಿಲ್ಲ. ಅವು ಹುಟ್ಟಿನಿಂದಲೇ ಅಂಕಣಗಳು, ಅಂಕಿಗಳು, ಕೋಡುಗಳು. 2015ರ ಅಕ್ಟೋಬರಿನಲ್ಲಿ ಆ ದೇಶದ ರೋಗನಾಮಗಳ ಕೋಡುಗಳು ಸುಮಾರು 14,000ದಿಂದ 68,000ಕ್ಕೆ ಏರಿದಾಗ ಕಾಗದದಲ್ಲಿ ಅದನ್ನು ನಿರ್ವಹಿಸುವುದು ದುಸ್ಸಾಧ್ಯವಾಗುತ್ತಿತ್ತು ಎಂಬುದನ್ನು ಒಪ್ಪಲೇಬೇಕು.

ಕೆಡುವುದು ವೃತ್ತಾಂತ. ಸಿದ್ಧ ನಮೂನೆಯಲ್ಲಿ ಅರ್ಧ ವಾಕ್ಯಗಳು ಮೊದಲೇ ಇರುತ್ತವೆ. ಉಳಿದುದನ್ನು ನಿನ್ನೆಯ ಪುಟದಿಂದ ಎತ್ತಿ ಇಂದಿನ ಪುಟದಲ್ಲಿ ಇಡಬಹುದು. ‘ನಿನ್ನೆ ಶಸ್ತ್ರಚಿಕಿತ್ಸೆಯಾಯಿತು’ ಎಂಬ ವಾಕ್ಯ ಐದನೆಯ ದಿನವೂ ‘ನಿನ್ನೆ’ಯಾಗಿಯೇ ಉಳಿದರೆ ಅದು ಲಿಪಿಕಾರನ ಸ್ಖಾಲಿತ್ಯ. ಎಡಗಾಲನ್ನು ತೆಗೆದ ರೋಗಿಯ ಪುಟದಲ್ಲಿ ಎರಡು ಪಾದಗಳ ನಾಡಿಯೂ ಸರಿಯಾಗಿದೆಯೆಂದು ನಮೂನೆಯೇ ಬರೆದುಕೊಂಡರೆ ಅದು ಪ್ರಕ್ಷೇಪ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು 2017ರಲ್ಲಿ ಪ್ರಕಟಿಸಿದ ಶೋಧನೆಯೊಂದರಲ್ಲಿ 23,630 ದೈನಿಕ ಟಿಪ್ಪಣಿಗಳನ್ನು ಪರೀಕ್ಷಿಸಲಾಯಿತು. ಅವುಗಳಲ್ಲಿ ಕೈಯಾರೆ ಟೈಪು ಮಾಡಿದ ಪಾಠ ಶೇಕಡಾ 18, ನಕಲು 46, ಯಂತ್ರವೇ ಬೇರೆ ಕಡೆಯಿಂದ ತಂದು ಸೇರಿಸಿದ್ದು 36. ನೂರರಲ್ಲಿ ಎಂಬತ್ತೆರಡು ಪಾಲು ಅನ್ಯಪಾಠವಿರುವ ಗ್ರಂಥವು ನಮ್ಮ ಕೈಗೆ ಬಂದಿದ್ದರೆ ಅದರ ಕರ್ತೃತ್ವವನ್ನು ನಾವು ಸುಲಭವಾಗಿ ಒಪ್ಪುತ್ತಿದ್ದೆವೇ?

(ಇಲ್ಲಿ ನಮ್ಮ ನಾಡಿನ ಸಂಬಂಧವೊಂದು ನೆನಪಾಗುತ್ತದೆ. 1990ರ ದಶಕದ ಕೊನೆಯಲ್ಲಿ ಅಮೆರಿಕಾದ ವೈದ್ಯರು ಬಾಯಲ್ಲಿ ಹೇಳಿದ ವೃತ್ತಾಂತಗಳನ್ನು ಬೆಂಗಳೂರಿನಲ್ಲಿ ನಮ್ಮ ಪದವೀಧರರು ಕಿವಿಗೊಟ್ಟು ಕೇಳಿ ಟೈಪು ಮಾಡುತ್ತಿದ್ದರು. ತಪ್ಪುಗಳಿದ್ದರೂ ಆ ಪಾಠಕ್ಕೆ ಒಂದು ಧ್ವನಿಯಿತ್ತು; ಒಬ್ಬನು ಹೇಳಿದ್ದು, ಒಬ್ಬನು ಕೇಳಿದ್ದು.)

ದೋಷವೆಲ್ಲ ಯಂತ್ರದ್ದೆಂದು ತೀರ್ಮಾನಿಸುವುದು ಸುಲಭ, ಆದರೆ ಸರಿಯಲ್ಲ. 2018ರಲ್ಲಿ ಡೌನಿಂಗ್, ಬೇಟ್ಸ್ ಮತ್ತು ಲಾಂಗ್‌ಹರ್ಸ್ಟ್ ಎಂಬ ವೈದ್ಯರು ಒಂದು ಸಂಗತಿಯನ್ನು ಎತ್ತಿ ತೋರಿದರು: ಒಂದೇ ಸಂಸ್ಥೆಯ ತಂತ್ರಾಂಶವನ್ನು ಬಳಸುವ ಇತರ ದೇಶಗಳಿಗಿಂತ ಅಮೆರಿಕಾದ ಟಿಪ್ಪಣಿಗಳು ಸರಾಸರಿ ಸುಮಾರು ನಾಲ್ಕು ಪಟ್ಟು ಉದ್ದ. ಯಂತ್ರ ಒಂದೇ ಆಗಿರಲು ಭೇದವೆಲ್ಲಿಂದ ಬಂದಿತು? ಅಲ್ಲಿ 1995 ಮತ್ತು 1997ರ ಮಾರ್ಗಸೂಚಿಗಳ ಪ್ರಕಾರ ವೈದ್ಯನ ಶುಲ್ಕದ ದರ್ಜೆ ಆತನು ಬರೆದ ಅಂಶಗಳ ಎಣಿಕೆಯನ್ನು ಅವಲಂಬಿಸಿತ್ತು: ರೋಗಚರಿತ್ರೆಯಲ್ಲಿ ಇಷ್ಟು, ವಿಚಾರಿಸಿದ ಅವಯವಗಳು ಇಷ್ಟು, ಪರೀಕ್ಷೆಯಲ್ಲಿ ಇಷ್ಟು. ಬರೆಯದಿದ್ದುದು ನಡೆಯಲಿಲ್ಲವೆಂದೇ ಲೆಕ್ಕ. ಸಾಲಿಗೆ ಇಷ್ಟೆಂದು ಸಂಭಾವನೆಯಿದ್ದರೆ ಕವಿಯೂ ಸಾಲುಗಳನ್ನೇ ಬೆಳೆಸಿಯಾನು! ನಕಲು ಆ ಬೇಡಿಕೆಯನ್ನು ಪೂರೈಸಿತು, ಅಷ್ಟೆ. 2021ರಿಂದ ಹೊರರೋಗಿಗಳ ಭೇಟಿಗೂ 2023ರಿಂದ ಒಳರೋಗಿಗಳ ಶುಶ್ರೂಷೆಗೂ ಈ ಎಣಿಕೆಯನ್ನು ಕೈಬಿಟ್ಟು, ವೈದ್ಯನ ನಿರ್ಣಯದ ಜಟಿಲತೆಯನ್ನೋ ವ್ಯಯಿಸಿದ ಕಾಲವನ್ನೋ ಆಧಾರವಾಗಿ ಹಿಡಿದಿದ್ದಾರೆ. ಆದರೆ ಬೆಳೆದ ಬರಹದ ಅಭ್ಯಾಸವು ನಿಯಮದಷ್ಟು ಬೇಗ ಬದಲಾಗುವಂಥದಲ್ಲ. ಅದೇ 2021ರ ಏಪ್ರಿಲಿನಿಂದ ರೋಗಿಯೂ ತನ್ನ ಟಿಪ್ಪಣಿಗಳನ್ನು ಪರದೆಯ ಮೇಲೆ ಓದಬಲ್ಲನು. ಗಾರ್ಫಿಂಕೆಲ್ಲನು ಕಂಡಿದ್ದ ಆ ಒಳಗಿನವರ ವಲಯಕ್ಕೆ ಇದುವರೆಗೆ ಸೇರದಿದ್ದ ಓದುಗನು ಈಗ ಬಂದಿದ್ದಾನೆ.

ಸಂಪಾದಕನು ಅಸೂಯೆಪಡಬೇಕಾದ ವಿಷಯವೊಂದು ಉಳಿದಿದೆ. ಓಲೆಯ ಮೇಲೆ ಯಾವ ಪದವನ್ನು ಯಾರು ಸೇರಿಸಿದರೆಂದು ನಾವು ಆಯುಷ್ಯವೆಲ್ಲ ಊಹಿಸುತ್ತೇವೆ. ಗಣಕಯಂತ್ರಕ್ಕೆ ಅದು ಗೊತ್ತು: ಯಾವ ಅಕ್ಷರ ಟೈಪಾದದ್ದು, ಯಾವುದು ನಕಲು, ಯಾವುದು ಯಂತ್ರ ತಂದದ್ದು ಎಂಬ ಗುರುತು ಒಳಗೆ ಇದ್ದುದರಿಂದಲೇ 2017ರ ಆ ಶೋಧನೆ ಸಾಧ್ಯವಾಯಿತು. ಹಾಗಿದ್ದೂ ರಾತ್ರಿಪಾಳಿಯಲ್ಲಿ ಹೊಸ ರೋಗಿಯ ಪುಟ ತೆರೆಯುವ ಕಿರಿಯ ವೈದ್ಯನ ಕಣ್ಣಿಗೆ ಇವು ಮೂರೂ ಒಂದೇ ಅಚ್ಚಿನಲ್ಲಿ, ಒಂದೇ ಬಣ್ಣದಲ್ಲಿ ಕಾಣಿಸಿಕೊಳ್ಳುವಂತಿದ್ದರೆ, ಆ ಗುರುತು ಇದ್ದು ಆತನಿಗೇನು ಪ್ರಯೋಜನ?